ಕೊನೇ ಫ್ರಾಸ್ಟ್ ಡೇಟ್‌ಗೆ ಮುಂಚೆ ಟೊಮೆಟೊ ನೆಡಬಹುದಾ? ಅನುಭವ ಹೇಳಿ

ಹೊಸಮಡಿ: ಆ್ಯಪ್ ಪ್ರಕಾರ ನಮ್ಮ ಕೊನೇ ಫ್ರಾಸ್ಟ್ (ರಾತ್ರಿ ಎಲೆ ಮೇಲೆ ಮಂಜು ಹೆಪ್ಪುಗಟ್ಟುವ ಚಳಿ) ಮುಂದಿನ ಶುಕ್ರವಾರ. ಟೊಮೆಟೊ, ಬದನೆ ಸಸಿಗಳು ಕಿಟಕಿ ಹತ್ತಿರ ಉದ್ದಕ್ಕೆ ಬೆಳೆದು ಬಾಗುತ್ತಿವೆ. ರಾತ್ರಿ 5 ಡಿಗ್ರಿ ಅಂತ ತೋರಿಸುತ್ತಿದೆ. ತೋಟ ಇಳಿಜಾರಿನ ಕೆಳಗಿದೆ. ಈ ವಾರವೇ ನೆಡಬಹುದಾ?

ಬದನೆಭಟ್ಟ: ಆ ಡೇಟ್ ಸರಾಸರಿ ಸ್ವಾಮಿ, ಗ್ಯಾರಂಟಿ ಅಲ್ಲ. ಸಾಮಾನ್ಯವಾಗಿ ಶೇ. 50ರ ಲೆಕ್ಕ. ಅಂದರೆ ಆ ದಿನ ಕಳೆದ ಮೇಲೂ ಫ್ರಾಸ್ಟ್ ಬೀಳುವ ಸಾಧ್ಯತೆ ಅರ್ಧಕ್ಕರ್ಧ. ನಾನು ಶೇ. 10ರ ಡೇಟ್ ಮಾತ್ರ ನೋಡುವುದು. ಕಾಯುವುದೇನು ಪುಕ್ಕಟೆ ಅಲ್ಲ. ಸಸಿಗಳನ್ನು ಟ್ರೇಯಿಂದ ದೊಡ್ಡ ಕುಂಡಕ್ಕೆ ಹಾಕಬೇಕು, ಅದಕ್ಕೆ ಇನ್ನೊಂದು ಚೀಲ ಮಣ್ಣು. ಚೀಲ ಬಿಚ್ಚಿದರೆ ಒಳಗಿಂದ ಸಣ್ಣ ನೊಣ. ನೊಣಕ್ಕೆ ಹಳದಿ ಅಂಟು ಕಾರ್ಡು. ಲೈಟು ದಿನಕ್ಕೆ 14 ಗಂಟೆ ಉರಿಯಬೇಕು, ಟೈಮರ್ ಕೆಟ್ಟಿತು, ಇನ್ನೊಂದು ತಂದೆ. ಕರೆಂಟ್ ಬಿಲ್ ಬಂದಾಗ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ. ಆದರೂ ಮಣ್ಣು 18 ಡಿಗ್ರಿ ಮುಟ್ಟುವ ತನಕ ನಮ್ಮ ಬದನೆ ಹೊಸಿಲು ದಾಟಿಲ್ಲ. ಒಂದೇ ಒಂದು ಸಸಿ ಸತ್ತಿಲ್ಲ.

ಟೊಮೆಟೊಅಮ್ಮ: ಸತ್ತಿಲ್ಲ, ಸರಿ. ಕಾಯಿ ಯಾವಾಗ ಬಿಟ್ಟಿತು ಅಂತ ಹೇಳಲೇ ಇಲ್ಲವಲ್ಲ ಭಟ್ಟರೇ? ನಾನು ಪ್ರತಿ ವರ್ಷ ಡೇಟ್‌ಗೆ ಮುಂಚೆಯೇ ನೆಡುತ್ತೇನೆ. ಕಮಾನಿನ ಹಾಗೆ ಬಗ್ಗಿಸಿದ ತಂತಿ, ಮೇಲೆ ಬಟ್ಟೆ, ಅಂಚಿಗೆ ಇಟ್ಟಿಗೆ. ಬಟ್ಟೆ ನೆಲ ಮುಟ್ಟಬೇಕು, ಮಣ್ಣಿನ ಬಿಸಿ ಒಳಗೇ ನಿಲ್ಲಬೇಕು, ಅಷ್ಟೇ. ಹೋದ ವರ್ಷ ಫ್ರಾಸ್ಟ್ ಬಿದ್ದ ರಾತ್ರಿ ನಾನು ಮನೆಯಲ್ಲಿರಲಿಲ್ಲ. ನಮ್ಮ ಯಜಮಾನರು ಬಟ್ಟೆ ಹುಡುಕುವುದು ಬಿಟ್ಟು ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಗಿಡದ ಮೇಲೇ ಎಳೆದರು. ಹಾಳೆ ತಾಗಿದ ಎಲೆಯೆಲ್ಲ ಬೆಳಿಗ್ಗೆ ಬೇಯಿಸಿದ ಸೊಪ್ಪು. ಕಡು ಹಸಿರು, ಮುಟ್ಟಿದರೆ ನೀರು ನೀರು. ಮಧ್ಯಾಹ್ನದ ಹೊತ್ತಿಗೆ ಕಪ್ಪು. ತಾಗದ ಎಲೆಗಳು ಆರಾಮಾಗಿ ನಿಂತಿದ್ದವು! ಆ ಸಾಲಿನಲ್ಲಿ ಇದ್ದದ್ದು ನಾನೇ ಬೀಜ ತೆಗೆದು ಎತ್ತಿಟ್ಟ ತಳಿ, ಅಂಗಡಿಯಲ್ಲಿ ಸಿಗುವುದಿಲ್ಲ. ಇವತ್ತಿಗೂ ಮನೆಯಲ್ಲಿ ಆ ವಿಷಯ ಎತ್ತುವ ಹಾಗಿಲ್ಲ.

ಗೆಡ್ಡೆಗೆಣಸು: 5 ಡಿಗ್ರಿ, 3 ಡಿಗ್ರಿ ಅಂತ ಸುಮ್ನೆ ನಂಬಿ ಮಲಗಬೇಡಿ. ಹವಾಮಾನದವರು ಅಳೆಯುವುದು ಹೆಚ್ಚು ಕಮ್ಮಿ ಆಳೆತ್ತರದ ಗಾಳಿಯನ್ನು. ಮೋಡ ಇಲ್ಲದ, ಗಾಳಿ ಆಡದ ರಾತ್ರಿ ನೆಲದ ಹತ್ತಿರ ಇನ್ನೂ ಕೆಲವು ಡಿಗ್ರಿ ಕಮ್ಮಿ ಇರುತ್ತದೆ. ತಣ್ಣನೆ ಗಾಳಿ ಭಾರ, ತಗ್ಗಿಗೆ ಬಂದು ನಿಲ್ಲುತ್ತದೆ. ನಮ್ಮ ಕೆಳಗಿನ ಬೇಲಿ ಪಕ್ಕ ಸೌತೆ, ಬೀನ್ಸ್ ಎಲ್ಲ ಹೋಯಿತು. ಬಿಸಿಲು ಬೀಳುವ ಗೋಡೆ ಪಕ್ಕದ್ದಕ್ಕೆ ಏನೂ ಆಗಲಿಲ್ಲ. ಪಕ್ಕದ ಮನೆಯವರು ಸಂದಿ ಬಿಡದೆ ಹಲಗೆ ಜೋಡಿಸಿದ ಮೇಲೇ ಈ ಕಾಟ ಶುರುವಾದದ್ದು. ಗಾಳಿ ಆಚೆ ಹೋಗಲು ದಾರಿ ಇಲ್ಲ. ಅಡಿಯಲ್ಲಿ ಒಂದು ಗೇಣು ಬಿಡಿ ಅಂದರೆ ನಾಯಿ ನುಗ್ಗುತ್ತದೆ ಅನ್ನುತ್ತಾರೆ. ನಾಯಿ ಇರುವುದು ಅವರದೇ!

ಮಲ್ಚ್‌ಮಾವ: ಇಷ್ಟೆಲ್ಲ ಯಾಕೆ? ಬುಡಕ್ಕೆ ದಪ್ಪ ಹುಲ್ಲು ಹಾಸಿ. ಫ್ರಾಸ್ಟ್ ಭಯವೇ ಇಲ್ಲ.

ಗೆಡ್ಡೆಗೆಣಸು: ಈ ಮಾತು ಕೇಳಿ ಎಷ್ಟು ಜನ ಸಸಿ ಕಳೆದುಕೊಂಡರೋ. ಬೆಳ್ಳುಳ್ಳಿಗೆ ಹುಲ್ಲು ಸರಿ. ಎಳೇ ಟೊಮೆಟೊಗೆ ಉಲ್ಟಾ. ಹಗಲಿನ ಬಿಸಿಲು ಮಣ್ಣಿಗೆ ಇಳಿಯುವುದಿಲ್ಲ, ರಾತ್ರಿ ಮಣ್ಣಿನ ಬಿಸಿ ಎಲೆಗೆ ಏರುವುದಿಲ್ಲ. ಬರಿ ಮಣ್ಣಿಗೆ ಹಿಂದಿನ ದಿನ ನೀರು ಹಾಯಿಸಿ, ಅದೇ ಜಾಸ್ತಿ ಬಿಸಿ ಹಿಡಿದಿಡುವುದು.

ಮಲ್ಚ್‌ಮಾವ: ನಮ್ಮ ಕೋಸು, ಪಾಲಕ್, ಬಟಾಣಿ ಹುಲ್ಲಿನ ಮಧ್ಯೆಯೇ ಚೆನ್ನಾಗಿವೆ. ಪಾಠ ಮಾಡುವ ಮೊದಲು ಬಂದು ನೋಡಿ.

ಬದನೆಭಟ್ಟ: ಅವು ಸಣ್ಣಪುಟ್ಟ ಫ್ರಾಸ್ಟ್‌ಗೆ ಹೇಗೂ ಸಾಯುವುದಿಲ್ಲ. ಕೀರ್ತಿ ಹುಲ್ಲಿಗೆ ಯಾಕೆ?

ಹೊಸಮಡಿ: ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಈ ವಾರ ನೆಡಲಾ, ಬೇಡವಾ?

ಟೊಮೆಟೊಅಮ್ಮ: ನೆಡಿ. ಸಂಜೆ ಮುಚ್ಚಿ, ಬೆಳಿಗ್ಗೆ ತೆಗೆಯಿರಿ.

ಬದನೆಭಟ್ಟ: ನೆಡಬೇಡಿ. ರಾತ್ರಿ 10 ಡಿಗ್ರಿಗಿಂತ ಕಮ್ಮಿ ಇದ್ದರೆ ಸಾಯದಿದ್ದರೂ ಮುದುಡಿ ಕೂರುತ್ತವೆ. ತಡವಾಗಿ ನೆಟ್ಟವೇ ಅವುಗಳನ್ನು ಹಿಂದೆ ಹಾಕುತ್ತವೆ.

ಟೊಮೆಟೊಅಮ್ಮ: ಫೋಟೊ ಹಾಕಿ ನೋಡೋಣ. ತಾರೀಖಿನ ಸಮೇತ.

ಬದನೆಭಟ್ಟ: ಮೊದಲು ನಿಮ್ಮ ಯಜಮಾನರ ಹತ್ತಿರ ಸಾಕ್ಷಿ ಹೇಳಿಸಿ.

ಟೊಮೆಟೊಅಮ್ಮ: ಮನೆಯವರನ್ನು ಎಳೆಯಬೇಡಿ.

ಮಲ್ಚ್‌ಮಾವ: ಬಟಾಣಿ ಇವತ್ತೇ ಹಾಕಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಗೆಡ್ಡೆಗೆಣಸು ಅವರೇ, ಬೇಲಿ ವಿಷಯಕ್ಕೆ ಬಂದರೆ, ನಮ್ಮಲ್ಲೂ ಇದೇ ಗಲಾಟೆ. ನಮ್ಮ ಕಡೆ ಹಲಗೆ ಹೊಡೆದವನು ನಾನೇ. ನಾಯಿ ನುಗ್ಗುವುದು ನಿಜ ಕಣ್ರೀ.

ಗೆಡ್ಡೆಗೆಣಸು: ಯಾರ ಹತ್ತಿರ ಮಾತಾಡುತ್ತಿದ್ದೇನೆ ಅಂತ ಈಗ ಗೊತ್ತಾಯಿತು ಬಿಡಿ.