ಮಿಲಿಟರಿ ಹರಾಜಿನ ಡೀಸೆಲ್ ಎಂಜಿನ್: ಎಳೆಯುವ ಕೆಲಸಕ್ಕೆ ಪವರ್ ನೋಡಬೇಕಾ, ಟಾರ್ಕ್ ನೋಡಬೇಕಾ?

ಬೈಕಂಪಾಡಿ_ಕ್ರೇನ್:
ಎಲ್ಲರಿಗೂ ನಮಸ್ಕಾರ. ನಮ್ಮದೊಂದು ಟೋಯಿಂಗ್ ಗಾಡಿ ಉಂಟು, ಹಳೆ ಟಾಟಾ 1613. ಜಾಸ್ತಿ ಕೆಲಸ ಶಿರಾಡಿ ಘಾಟಿಯದ್ದೇ. ಗುಂಡ್ಯದಿಂದ ಮೇಲೆ ಲಾರಿ ಕೆಟ್ಟು ನಿಂತರೆ ನಮಗೆ ಫೋನ್ ಬರುತ್ತದೆ. ಖಾಲಿ ಲಾರಿಯಾದರೆ ತೊಂದರೆ ಇಲ್ಲ. ಲೋಡ್ ಇದ್ದರೆ ಫಸ್ಟ್ ಗೇರಿನಲ್ಲೇ ಕಪ್ಪು ಹೊಗೆ ಬಿಟ್ಟು ಒದ್ದಾಡುತ್ತದೆ. ಹಾಗಾಗಿ ಎಂಜಿನ್ ಬದಲಿಸುವ ಯೋಚನೆ. ಸರ್ಕಾರಿ ಹಳೆ ಸಾಮಾನು ಮಾರುವ ಎಂಎಸ್‌ಟಿಸಿ ಹರಾಜಿನಲ್ಲಿ ಸೇನೆಯ ಹಳೆ ಸ್ಟ್ಯಾಲಿಯನ್, ಟಾಟಾ 713 ಲಾರಿ ಎಲ್ಲ ಬರುತ್ತವೆ, ಕೆಲವರು ಅದನ್ನು ಹಿಡಿದು ಎಂಜಿನ್ ಬೇರೆ, ಬಾಡಿ ಬೇರೆ ಮಾರುತ್ತಾರೆ. ಇದರ ನಡುವೆ ನನ್ನ ತಮ್ಮ ಯೂಟ್ಯೂಬ್ ನೋಡಿ ಅಮೆರಿಕನ್ ಎಂಜಿನ್ ಅಂತ ತಲೆ ತಿನ್ನುತ್ತಿದ್ದಾನೆ. ಅಮೆರಿಕ ಸೇನೆಯ ಎಂ35 ಲಾರಿಯ 7.8 ಲೀಟರ್ ಮಲ್ಟಿಫ್ಯೂಯೆಲ್ (ಹಲವು ಬಗೆಯ ಇಂಧನದಲ್ಲಿ ಓಡುವ ಎಂಜಿನ್) 134 ಎಚ್‌ಪಿ, ಜಿಎಂ 6.2 ಲೀಟರ್ ವಿ8 135 ಎಚ್‌ಪಿ ಅಂತೆ. ಎರಡೂ ಒಂದೇ ಅಲ್ವಾ? ಹಾಗಾದರೆ ಎಳೆಯುವುದರಲ್ಲಿ ವ್ಯತ್ಯಾಸ ಎಂಥದ್ದು?

ಸುರತ್ಕಲ್_ಲೆಕ್ಕ:
ತಮ್ಮ ಒಳ್ಳೆ ಜೋಡಿಯನ್ನೇ ಹಿಡಿದಿದ್ದಾರೆ ಮಾರಾಯ್ರೆ. ಪವರ್ ಒಂದೇ, ಆದರೆ 6.2 ವಿ8 ಅದನ್ನು ಕೊಡುವುದು 3600 ಆರ್‌ಪಿಎಂನಲ್ಲಿ, ಮಲ್ಟಿಫ್ಯೂಯೆಲ್ 2600ರಲ್ಲೇ. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ ನೋಡಿ, ವಿ8ದ್ದು ಸುಮಾರು 325 ನ್ಯೂಟನ್ ಮೀಟರ್, ಇನ್ನೊಂದರದ್ದು 447. ಗೇರ್ ಸರಿಯಾಗಿ ಹೊಂದಿಸಿದರೆ ಎರಡೂ ಒಂದೇ ವೇಗದಲ್ಲಿ ಘಾಟಿ ಹತ್ತುತ್ತವೆ. ಆದರೆ ವಿ8 ಇಡೀ ದಾರಿ ಕಿರುಚಿಕೊಂಡೇ ಹೋಗಬೇಕು, ತಿರುವಿನಲ್ಲಿ ಆರ್‌ಪಿಎಂ ಬಿದ್ದರೆ ಸತ್ತ ಹಾಗೆ. ಟಾರ್ಕ್ ಜಾಸ್ತಿ ಇರುವುದರ ಲಾಭ ಅಷ್ಟೇ.

ನಿಮ್ಮ ಲೆಕ್ಕ ಮಾಡೋಣ. ಕ್ರೇನ್ ಮತ್ತು ಲೋಡ್ ಲಾರಿ ಸೇರಿ 25 ಟನ್ ಅನ್ನಿ, ಏರು ಹದಿನೈದಕ್ಕೆ ಒಂದು ಅನ್ನಿ. ಏರಿಗೆ, ಟಯರ್ ಉರುಳುವುದಕ್ಕೆ ಎಲ್ಲ ಸೇರಿ ಸುಮಾರು 20,000 ನ್ಯೂಟನ್ ಎಳೆತ ಬೇಕು. ಗಂಟೆಗೆ 10 ಕಿ.ಮೀ. ಹೋಗಲು ಚಕ್ರದಲ್ಲಿ 75 ಎಚ್‌ಪಿ ಸಾಕು. 20 ಕಿ.ಮೀ. ಬೇಕಾದರೆ 150. ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ನಲ್ಲಿ ಹೋಗುವುದು ಬೇರೆ. ಅಂದರೆ ಎಷ್ಟು ಬೇಗ ಹತ್ತುತ್ತೀರಿ ಅನ್ನುವುದು ಎಚ್‌ಪಿಯ ಪ್ರಶ್ನೆ, ಹೊರಡುತ್ತದಾ ಇಲ್ಲವಾ ಅನ್ನುವುದು ಗೇರಿನ ಪ್ರಶ್ನೆ. ಒಟ್ಟು ಗೇರ್ ಅನುಪಾತ 40 ಇದ್ದರೆ (ಎಂಜಿನ್ 40 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು) 300 ನ್ಯೂಟನ್ ಮೀಟರ್ ಎಂಜಿನ್ ಕೂಡ ನಿಮ್ಮ ಲೋಡನ್ನು ಆ ಏರಿನಲ್ಲಿ ನಿಧಾನಕ್ಕೆ ಎಳೆಯುತ್ತದೆ.

ಇನ್ನು, 713ರ ಎಂಜಿನ್ ತಂದು ಹಾಕಿ ಸಿಗುವುದು ಏನೂ ಇಲ್ಲ. ಟಾಟಾ ಹೆಸರಿನ ಕೊನೆಯ ಎರಡು ಅಂಕಿ ಎಚ್‌ಪಿಯ ಸೂಚನೆ, 13 ಅಂದರೆ ಸುಮಾರು 130. ನಿಮ್ಮ 1613ರಲ್ಲೂ ಅದೇ 13. ಸುಮ್ನೆ ದುಡ್ಡು ಕೊಟ್ಟು ಅದೇ ಜಾಗದಲ್ಲಿ ನಿಲ್ಲುತ್ತೀರಿ.

ಮಲ್ಪೆ_ದಕ್ಕೆ:
ನಾನು ಬೋಟಿನ ಎಂಜಿನ್ ಕೆಲಸದವ. ಒಂದು ವಿಷಯ ಯಾರೂ ಹೇಳಲಿಲ್ಲ. ಕಾಗದದಲ್ಲಿರುವ ಎಚ್‌ಪಿ ಎಷ್ಟು ಹೊತ್ತಿಗೆ? ಅದೇ ಎಂಜಿನ್ನಿಗೆ ಲಾರಿಯಲ್ಲಿ ಒಂದು ರೇಟಿಂಗ್, ದಿನವಿಡೀ ಬಲೆ ಎಳೆಯುವ ಬೋಟಿನಲ್ಲಿ ಅದಕ್ಕಿಂತ ಕಡಿಮೆ ರೇಟಿಂಗ್ ಕೊಡುತ್ತಾರೆ. ನಮಗಾದರೆ ತಣ್ಣಗೆ ಮಾಡಲು ಸಮುದ್ರವೇ ಉಂಟು. ನೀವು ಘಾಟಿಯಲ್ಲಿ ಹತ್ತು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ರೇಡಿಯೇಟರಿಗೆ ಗಾಳಿ ಫ್ಯಾನಿನಿಂದ ಮಾತ್ರ. ಎಂಜಿನ್ ದೊಡ್ಡದು ಹಾಕಿ ರೇಡಿಯೇಟರ್ ಹಳೆಯದೇ ಇಟ್ಟರೆ ಘಾಟಿಯ ಮೇಲಿನ ಮಾರನಹಳ್ಳಿ ತಲುಪುವ ಮೊದಲೇ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಬದಲಿಸಲೇಬೇಕಾದರೆ ಕಮಿನ್ಸ್ 6ಬಿಟಿ ನೋಡಿ. 5.9 ಲೀಟರ್, ಟರ್ಬೊ. 1989ರಲ್ಲಿ ಅಮೆರಿಕದ ಡಾಡ್ಜ್ ಪಿಕಪ್‌ಗೆ ಹಾಕಿದಾಗಲೇ 160 ಎಚ್‌ಪಿ, 540 ನ್ಯೂಟನ್ ಮೀಟರ್ ಆಸುಪಾಸು. ಜಮ್‌ಶೆಡ್‌ಪುರದಲ್ಲಿ ಟಾಟಾ ಕಮಿನ್ಸ್ ಮಾಡುತ್ತಾ ಬಂದ ಎಂಜಿನ್, ಹಾಗಾಗಿ ಪಿಸ್ಟನ್, ಬೇರಿಂಗ್ ಸಿಗುತ್ತದೆ. ಮಲ್ಟಿಫ್ಯೂಯೆಲ್‌ನ ಇಂಜೆಕ್ಷನ್ ಪಂಪ್ ಕೆಟ್ಟರೆ ಇಲ್ಲಿ ಯಾರ ಹತ್ತಿರ ಹೋಗುತ್ತೀರಿ? ತೆಂಗಿನೆಣ್ಣೆಯಲ್ಲಿ ಓಡಿಸುವ ಯೋಚನೆ ಇದ್ದರೆ ಬೇರೆ ಮಾತು 😄

ಅದಕ್ಕೂ ಮೊದಲು ನಿಮ್ಮ ಈಗಿನ ಗಾಡಿಯ ಪಂಪ್, ನಾಝಲ್, ಏರ್ ಫಿಲ್ಟರ್, ಟರ್ಬೊ ನೋಡಿಸಿ. ಕಪ್ಪು ಹೊಗೆ ಅಂದರೆ ಡೀಸೆಲಿಗೆ ಸಾಕಷ್ಟು ಗಾಳಿ ಸಿಗುತ್ತಿಲ್ಲ. ಹಾಗೇ ಹಿಂದಿನ ಆಕ್ಸಲ್ ಹೌಸಿಂಗ್‌ನಲ್ಲಿ ಯಾವ ಕ್ರೌನ್ (ಡಿಫರೆನ್ಷಿಯಲ್‌ನ ದೊಡ್ಡ ಗೇರ್) ಉಂಟು ನೋಡಿ. ಅನುಪಾತ ಜಾಸ್ತಿ ಇರುವುದನ್ನು ಹಾಕಿದರೆ ಹೈವೇಯಲ್ಲಿ ಸ್ಪೀಡ್ ಕಡಿಮೆಯಾಗುತ್ತದೆ, ಆದರೆ ಏರಿನಲ್ಲಿ ಎಳೆತ ಸಿಗುತ್ತದೆ.

ಸಕಲೇಶಪುರ_ಟು_ಬಂದರು:
ಎಂಜಿನ್ ಎಂಜಿನ್ ಅಂತ ಹೊಡೆದಾಡುತ್ತಿದ್ದೀರಿ, ಮಳೆಗಾಲದಲ್ಲಿ ಘಾಟಿಗೆ ಬಂದು ನೋಡಿ. ಕೆಸರು, ಅದರ ಮೇಲೆ ಚೆಲ್ಲಿದ ಡೀಸೆಲ್. ಹಿಂದಿನ ಆಕ್ಸಲ್ ಮೇಲೆ 9 ಟನ್ ಇದ್ದು ಟಯರಿನ ಹಿಡಿತ ಆ ಭಾರದ 0.2 ಪಾಲಿಗೆ ಇಳಿದರೆ ರಸ್ತೆ ತಡೆದುಕೊಳ್ಳುವುದು ಸುಮಾರು 17,600 ನ್ಯೂಟನ್. ಮೇಲಿನವರ ಲೆಕ್ಕದಲ್ಲಿ ಬೇಕಾದದ್ದು 20,000. ಎಂಜಿನ್ ಯಾವುದಾದರೇನು, ಚಕ್ರ ಸುಮ್ನೆ ತಿರುಗುತ್ತದೆ. ಮಿಲಿಟರಿ ಗಾಡಿಯಲ್ಲಿ ನಿಜವಾದ ಮಾಲು ಎಂಜಿನ್ ಅಲ್ಲ, ಫ್ರಂಟ್ ಆಕ್ಸಲ್ ಮತ್ತು ಮುಂದಿನ ಚಕ್ರಕ್ಕೂ ಪವರ್ ಹಂಚುವ ಟ್ರಾನ್ಸ್‌ಫರ್ ಕೇಸ್. ತೆಗೆದುಕೊಳ್ಳುವುದಾದರೆ 4x4 ಇಡೀ ಗಾಡಿ ತೆಗೆದುಕೊಳ್ಳಿ.

ಮತ್ತೆ ಇಳಿಯುವಾಗ? ಎಂಜಿನ್ ಸತ್ತ ಲಾರಿಯ ಬ್ರೇಕಿಗೆ ಏರ್ ಇರುವುದಿಲ್ಲ, ಏರ್ ಹೋದಾಗ ತಾನೇ ಹಿಡಿಯುವ ಸ್ಪ್ರಿಂಗ್ ಬ್ರೇಕ್ ಕಚ್ಚಿ ನಿಂತಿರುತ್ತದೆ. ಅದನ್ನು ಕೈಯಲ್ಲಿ ಬಿಡಿಸಿ ಎಳೆದರೆ ಆ ಲಾರಿಗೆ ಬ್ರೇಕೇ ಇಲ್ಲ, ಇಡೀ ಭಾರ ನಿಮ್ಮ ಬ್ರೇಕ್ ಲೈನರ್ ಮೇಲೆ. ನಿಮ್ಮ ಟ್ಯಾಂಕಿನಿಂದ ಅದಕ್ಕೆ ಏರ್ ಪೈಪ್ ಕೊಡಿ, ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್ನಿಂದಲೇ ಗಾಡಿ ನಿಧಾನ ಮಾಡುವ ಬ್ರೇಕ್) ಹಾಕಿಸಿ. ನನ್ನನ್ನು ಕೇಳಿದರೆ ಮೊದಲ ಖರ್ಚು ಇದಕ್ಕೆ. ಬೇರೆ ಎಂಜಿನ್ ಹಾಕುವುದಾದರೆ ಆರ್‌ಟಿಒ ಅನುಮತಿ ಮೊದಲೇ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಹರಾಜಿನ ಕಾಗದ ಇಲ್ಲದ ಎಂಜಿನ್ ಮುಟ್ಟಬೇಡಿ.

ಬೈಕಂಪಾಡಿ_ಕ್ರೇನ್:
ಎಲ್ಲರಿಗೂ ಥ್ಯಾಂಕ್ಸ್. ಪಂಪ್ ಮತ್ತು ಕ್ರೌನ್ ಈ ವಾರವೇ ನೋಡಿಸುತ್ತೇನೆ, ಏರ್ ಪೈಪ್ ಕೂಡ. 4x4 ನೋಡಲು ಹೋದರೆ ಸ್ಟಾರ್ಟ್ ಆಗದೇ ಇರುವ ಗಾಡಿಯ ಎಂಜಿನ್ ಹೇಗೆ ಪರೀಕ್ಷೆ ಮಾಡುವುದು?

ಮಲ್ಪೆ_ದಕ್ಕೆ:
ಹರಾಜಿನಲ್ಲಿ ಗಾಡಿ ಇದ್ದಲ್ಲಿ, ಇದ್ದ ಹಾಗೇ ಮಾರಾಟ, ಆಮೇಲೆ ದೂರಿ ಪ್ರಯೋಜನ ಇಲ್ಲ. ದೊಡ್ಡ ಬಾರ್ ತೆಗೆದುಕೊಂಡು ಹೋಗಿ, ಕ್ರ್ಯಾಂಕ್ ಪುಲ್ಲಿಗೆ ಹಾಕಿ ತಿರುಗುತ್ತದಾ ನೋಡಿ. ಡಿಪ್‌ಸ್ಟಿಕ್ ಎಳೆಯಿರಿ, ಆಯಿಲ್ ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ, ಬಿಟ್ಟುಬಿಡಿ. ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ, ಒಳಗೆ ತುಕ್ಕು, ಕೊಳೆ ಉಂಟಾ ನೋಡಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕಿಲೋಮೀಟರ್ ಕಡಿಮೆ ಇರುತ್ತದೆ, ಆದರೆ ಸೀಲ್ ಒಣಗಿ, ಪಂಪಿನೊಳಗೆ ಅಂಟು ಕಟ್ಟಿರುತ್ತದೆ. ಪಂಪ್ ರಿಪೇರಿಯ ದುಡ್ಡು ಸೇರಿಸಿಯೇ ಬಿಡ್ ಹಾಕಿ.