ಮೊದಲ ‘ಆಯ್ಕೆ’ಯನ್ನು ಮಾರುವುದೋ, ಬಿಟ್ಟುಕೊಡುವುದೋ, ಬದಲಾಯಿಸಿಕೊಳ್ಳುವುದೋ?

ಗೆಳೆಯರೇ, ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ಸರಿಯಾಗಿ ಲೆಕ್ಕ ಹಾಕಿದರೆ ಎರಡು.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ನಾನು ಆಗಾಗ ಕನ್ನಡದಲ್ಲಿ ಬರೆಯುತ್ತೇನೆ. ಈ ಸಲ ಹಿಡಿದಿರುವುದು ಪ್ರತಿ ವರ್ಷ ಜೂನ್ ಬಂದರೆ ಏಳುವ ಒಂದು ವಾದ. ತಂಡಗಳು ಒಂದಾದ ಮೇಲೊಂದರಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಅಲ್ಲಿ ಡ್ರಾಫ್ಟ್ ಅನ್ನುತ್ತಾರೆ. ಅದರಲ್ಲಿ ಎಲ್ಲರಿಗಿಂತ ಮೊದಲು ಆರಿಸುವ ಅವಕಾಶ ಒಂದು ತಂಡಕ್ಕೆ ಸಿಕ್ಕಿದೆ ಅಂತಿಟ್ಟುಕೊಳ್ಳಿ. ಆ ಅವಕಾಶವನ್ನು ಬೇರೆ ತಂಡಕ್ಕೆ ಕೊಟ್ಟು ಇನ್ನೇನಾದರೂ ಪಡೆಯುವುದು ಜಾಣತನವೇ? ಲೇಖನಕ್ಕೆ ‘ಮೊದಲ ಆಯ್ಕೆಯನ್ನು ಮಾರುವುದು ಸರಿಯೇ?’ ಎಂದು ಹೆಸರಿಟ್ಟು ಶಿವಮೊಗ್ಗದಲ್ಲಿರುವ ಚಿಕ್ಕಪ್ಪನಿಗೆ ಕಳಿಸಿದೆ. ಅವರು ಮೇಷ್ಟ್ರಾಗಿದ್ದವರು, ನಾನು ಬರೆದದ್ದನ್ನೆಲ್ಲ ಪೂರ್ತಿ ಓದುತ್ತಾರೆ. ಸಂಜೆ ಫೋನ್ ಮಾಡಿ ಮೊದಲು ಕೇಳಿದ್ದೇ ಇದು: ‘ಅಲ್ಲಪ್ಪಾ, ಆ ಹುಡುಗನ್ನ ಯಾಕೆ ಮಾರಿದ್ರು? ಅವನೇನು ಮಾಡಿದ್ದ?’

ಅಲ್ಲಿ ಹುಡುಗನೇ ಇರಲಿಲ್ಲ. ನಾನು ಬರೆದಿದ್ದು 2017ರ ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಗ್ಗೆ. ಅವರು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟಿದ್ದು ಆಟಗಾರನನ್ನಲ್ಲ, ಮೊದಲು ಆರಿಸುವ ಹಕ್ಕನ್ನು. ಚಿಕ್ಕಪ್ಪ ಅಷ್ಟು ಗಮನವಿಟ್ಟು ಓದಿಯೂ ತಪ್ಪು ತಿಳಿದುಕೊಂಡರು ಅಂದರೆ ತಪ್ಪು ನನ್ನ ಪದದ್ದು. ಅದಕ್ಕೇ ನಿಮ್ಮ ಮುಂದೆ ಬಂದಿದ್ದೇನೆ.

ಮೊದಲು ‘ಆಯ್ಕೆ’. ಈ ಪದಕ್ಕೆ ಎರಡು ಮುಖ ಇವೆ, ಅಲ್ವಾ? ‘ಆಯ್ಕೆ ನಿನಗೆ ಬಿಟ್ಟಿದ್ದು’ ಅಂದರೆ ಆರಿಸುವ ಹಕ್ಕು. ‘ಅವನು ನಮ್ಮ ಮೊದಲ ಆಯ್ಕೆ’ ಅಂದರೆ ಆರಿಸಿದ ಮನುಷ್ಯ. ಬೇರೆ ಕಡೆ ಇದು ತೊಂದರೆ ಕೊಡುವುದಿಲ್ಲ. ಇಲ್ಲಿ ಮಾತ್ರ ಎರಡೂ ಬೇರೆ ಬೇರೆ ಸರಕು. 2014ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಮೊದಲನೆಯವನಾಗಿ ಆಂಡ್ರ್ಯೂ ವಿಗಿನ್ಸ್‌ನನ್ನು ಆರಿಸಿತು. ಅಷ್ಟರಲ್ಲಿ ಲೀಗ್‌ನ ದೊಡ್ಡ ಆಟಗಾರ ಲೆಬ್ರಾನ್ ಜೇಮ್ಸ್ ಆ ತಂಡಕ್ಕೆ ವಾಪಸ್ ಬಂದರು. ಈಗಲೇ ಗೆಲ್ಲಬೇಕು ಎನ್ನುವ ಆತುರ ಶುರುವಾಯಿತು. ಆಗಸ್ಟ್‌ನಲ್ಲಿ ವಿಗಿನ್ಸ್‌ನನ್ನೂ, ಹಿಂದಿನ ವರ್ಷ ಮೊದಲನೆಯವನಾಗಿ ಆರಿಸಿದ್ದ ಆಂಟನಿ ಬೆನೆಟ್‌ನನ್ನೂ ಮಿನೆಸೋಟ ತಂಡಕ್ಕೆ ಕಳಿಸಿ ಅಲ್ಲಿ ಪಳಗಿದ್ದ ಆಟಗಾರ ಕೆವಿನ್ ಲವ್‌ನನ್ನು ಕರೆತಂದರು. ಅಲ್ಲಿ ಹುಡುಗರು ನಿಜವಾಗಿ ಊರು ಬಿಟ್ಟರು. ಬಾಸ್ಟನ್ ವಿಷಯದಲ್ಲಿ ಯಾರೂ ಊರು ಬಿಡಲಿಲ್ಲ. ಡ್ರಾಫ್ಟ್ ಇನ್ನೂ ಆಗಿರಲೇ ಇಲ್ಲ. ಎರಡಕ್ಕೂ ‘ಮೊದಲ ಆಯ್ಕೆಯನ್ನು ಕೊಟ್ಟರು’ ಎಂದು ಬರೆದರೆ ಓದುವವರು ಕಂಗಾಲಾಗುವುದು ಸಹಜ.

ನನಗೆ ಹೊಳೆದ ಪದ ‘ಸರದಿ’. ಅದು ಹೊಳೆದಿದ್ದು ಅಮ್ಮನ ಚೀಟಿಯಿಂದ.

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಹನ್ನೆರಡು ಹೆಂಗಸರು ಸೇರಿ ಚೀಟಿ ಹಾಕುತ್ತಿದ್ದರು. ನಮ್ಮಲ್ಲಿ ತಿಂಗಳು ತಿಂಗಳು ಎತ್ತುವ ಪದ್ಧತಿ ಇರಲಿಲ್ಲ. ಮೊದಲ ದಿನವೇ ಎಲ್ಲವನ್ನೂ ಎತ್ತಿ, ಯಾರಿಗೆ ಯಾವ ತಿಂಗಳು ಅಂತ ಗೊತ್ತುಮಾಡಿಬಿಡುತ್ತಿದ್ದರು. ಹೆಸರು ಬರೆದ ಕಾಗದ ಮಡಚಿ ಕಾಫಿಪುಡಿಯ ಸ್ಟೀಲ್ ಡಬ್ಬಿಗೆ ಹಾಕಿ ಕುಲುಕುತ್ತಿದ್ದರು. ಅಲ್ಲಿದ್ದವರಲ್ಲೇ ಚಿಕ್ಕ ಮಗು ಯಾವುದೋ ಅದು ಕೈ ಹಾಕಬೇಕು. ಎರಡು ವರ್ಷ ಆ ಕೆಲಸ ನನ್ನದಾಗಿತ್ತು. ಕಾಗದಕ್ಕೆಲ್ಲ ಕಾಫಿಪುಡಿ ವಾಸನೆ. ಒಂದು ಸಲ ಅಮ್ಮನಿಗೆ ಎರಡನೇ ತಿಂಗಳು ಬಂತು, ಎದುರುಮನೆ ಅತ್ತೆಗೆ ಒಂಬತ್ತನೆಯದು. ಮಳೆಗಾಲದೊಳಗೆ ಅವರು ಮನೆ ಹೆಂಚು ತೆಗೆಸಿ ಹೊಸದು ಹೊದಿಸಬೇಕಿತ್ತು. ಅವರು ಬಂದು ಕೇಳಿದರು, ಅಮ್ಮ ಒಪ್ಪಿದರು. ಅಮ್ಮನ ಒಂದು ತಿಂಗಳ ಕಂತನ್ನು ಅವರೇ ಕಟ್ಟುವುದು ಅಂತಲೂ ಮಾತಾಯಿತು. ರಾತ್ರಿ ಅಪ್ಪನಿಗೆ ಅಮ್ಮ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: ‘ನನ್ನ ಸರದಿ ಅವರಿಗೆ ಕೊಟ್ಟು ಅವರದ್ದು ನಾನು ತಗೊಂಡೆ. ಮೇಲೊಂದು ಕಂತು.’

ಬಾಸ್ಟನ್ 2017ರಲ್ಲಿ ಮಾಡಿದ್ದು ಥೇಟ್ ಇದೇ. ಒಂದನೇ ಸರದಿ ಕೊಟ್ಟು ಮೂರನೆಯದನ್ನು ತಗೊಂಡಿತು. ಮೇಲೆ ಮುಂದಿನ ವರ್ಷಗಳದ್ದೊಂದು ಸರದಿ.

ಡ್ರಾಫ್ಟ್‌ನ ಸರದಿ ಗೊತ್ತುಮಾಡುವ ರೀತಿಯೂ ಚೀಟಿ ಎತ್ತುವುದಕ್ಕೆ ತುಂಬಾ ಹತ್ತಿರ. 2025ರ ಡ್ರಾಫ್ಟ್‌ನಲ್ಲಿದ್ದ ಪದ್ಧತಿ ಹೇಳುತ್ತೇನೆ. ಪ್ಲೇ ಆಫ್ ತಲುಪದ 14 ತಂಡಗಳಿಗೆ ಲಾಟರಿ. ಯಂತ್ರದೊಳಗೆ 1ರಿಂದ 14ರ ತನಕ ಅಂಕೆ ಬರೆದ 14 ಪಿಂಗ್‌ಪಾಂಗ್ ಚೆಂಡು. ನಾಲ್ಕು ಚೆಂಡು ಹೊರಗೆ ಬರುತ್ತವೆ. ನಾಲ್ಕು ಅಂಕೆಗಳ ಗುಂಪು ಒಟ್ಟು 1001 ಆಗುತ್ತವೆ. ಒಂದನ್ನು ಬಿಟ್ಟು ಉಳಿದ 1000ವನ್ನು ತಂಡಗಳಿಗೆ ಹಂಚುತ್ತಾರೆ. ಜಾಸ್ತಿ ಸೋತವರಿಗೆ ಜಾಸ್ತಿ. 2019ರಲ್ಲಿ ಬಂದ ನಿಯಮದ ಪ್ರಕಾರ ಕೊನೆಯ ಮೂರು ತಂಡಗಳಿಗೆ ತಲಾ 140. ಅಂದರೆ ಕಷ್ಟದಲ್ಲಿರುವವರ ಹೆಸರಿನ ಕಾಗದ ಡಬ್ಬಿಯಲ್ಲಿ ಹೆಚ್ಚಿಗೆ ಇರುತ್ತದೆ, ಅಷ್ಟೇ. ಹಾಗಂತ ಅವರಿಗೇ ಬರಬೇಕೆಂದಿಲ್ಲ. 2025ರಲ್ಲಿ ನೂರಕ್ಕೆ ಎರಡರಷ್ಟೂ ಅವಕಾಶ ಇಲ್ಲದ ಡಲ್ಲಾಸ್ ತಂಡಕ್ಕೆ ಮೊದಲ ಸರದಿ ಬಂತು.

‘ಸರದಿ’ಗೆ ನನಗೇ ಒಂದು ಅನುಮಾನ ಇದೆ. ‘ಈಗ ಬ್ಯಾಟಿಂಗ್ ಸರದಿ ಭಾರತದ್ದು’ ಅಂತ ಕ್ರಿಕೆಟ್‌ನಲ್ಲಿ ಹೇಳುತ್ತೇವೆ. ಅಲ್ಲಿ ಅದು ಬಂದು ಹೋಗುವ ಹೊತ್ತು ಅಷ್ಟೇ, ಕೈಯಿಂದ ಕೈಗೆ ದಾಟಿಸಬಹುದಾದ ಹಕ್ಕು ಅನ್ನಿಸುವುದಿಲ್ಲ. ಉತ್ತರ ಕರ್ನಾಟಕದ ಗೆಳೆಯರು ‘ಪಾಳಿ’ ಅನ್ನುತ್ತಾರೆ. ಕಾಲುವೆ ನೀರಿನ ಪಾಳಿಯನ್ನು ಅಕ್ಕಪಕ್ಕದ ಹೊಲದವರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದೂ ಉಂಟು. ಹಾಗಿದ್ದರೆ ‘ಪಾಳಿ’ಯೇ ಗಟ್ಟಿ ಪದ ಆಗಬಹುದು. ಆದರೆ ಬೆಂಗಳೂರು, ಮೈಸೂರು ಕಡೆಯವರಿಗೆ ‘ಪಾಳಿ’ ಅಂದರೆ ಫ್ಯಾಕ್ಟರಿಯ ರಾತ್ರಿ ಪಾಳಿಯೇ ಮೊದಲು ನೆನಪಾಗುವುದು. ಈ ಬಗ್ಗೆ ಹೊಲ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಒಂದು ಕಡೆ ‘ಕರಡು ಆಯ್ಕೆ’ ಅನ್ನುವುದನ್ನೂ ನೋಡಿದೆ. ಇದು ಬೇಡ. ಕರಡು ಅಂದರೆ ತಿದ್ದಬೇಕಾದ ಬರಹ. ಡ್ರಾಫ್ಟ್‌ಗೆ ಸುಮ್ನೆ ಡ್ರಾಫ್ಟ್ ಅನ್ನೋಣ. ಬ್ಯಾಂಕಿನ ದೆಸೆಯಿಂದ ಆ ಪದ ನಮ್ಮ ಅಜ್ಜಿಯರಿಗೂ ಗೊತ್ತಿದೆ. ಅರ್ಥ ಬೇರೆ, ನಿಜ. ಸಂದರ್ಭ ನೋಡಿ ತಿಳಿಯುತ್ತದೆ.

ಈಗ ಎರಡನೇ ಪದ. ಸರದಿಯನ್ನು ಏನು ಮಾಡುತ್ತಾರೆ?

‘ಮಾರು’ ಅಂದರೆ ದುಡ್ಡು ಬರಬೇಕು. ಇಂಥ ವ್ಯವಹಾರದಲ್ಲಿ ದುಡ್ಡೇ ಮುಖ್ಯವಾಗುವುದು ತೀರಾ ಅಪರೂಪ. 1986ರಲ್ಲಿ ಫಿಲಡೆಲ್ಫಿಯಾ ತನ್ನ ಮೊದಲ ಸರದಿಯನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ರಾಯ್ ಹಿನ್ಸನ್ ಎಂಬ ಆಟಗಾರನನ್ನೂ ಜೊತೆಗೆ ಹಣವನ್ನೂ ತಗೊಂಡಿತು. ಅದಕ್ಕೆ ಬೇಕಾದರೆ ಅರ್ಧ ‘ಮಾರಿದರು’ ಎನ್ನಬಹುದು. ಆ ಸರದಿಯಲ್ಲಿ ಕ್ಲೀವ್‌ಲ್ಯಾಂಡ್ ಆರಿಸಿದ ಬ್ರ್ಯಾಡ್ ಡಾಹರ್ಟಿ ಮುಂದೆ ಐದು ಸಲ ಆಲ್‌ಸ್ಟಾರ್ ಆದರು, ಅಂದರೆ ಆ ವರ್ಷದ ಅತ್ಯುತ್ತಮ ಆಟಗಾರರ ಪಂದ್ಯಕ್ಕೆ ಆಯ್ಕೆಯಾದರು. ಈ ಕಥೆ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

‘ಬಿಟ್ಟುಕೊಡು’ ಅಂದರೆ ಔದಾರ್ಯ ಬಂದುಬಿಡುತ್ತದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತೇವೆ, ಅಣ್ಣ ತಮ್ಮನಿಗೆ ಪಾಲು ಬಿಟ್ಟುಕೊಡುತ್ತಾನೆ. ಪ್ರತಿಯಾಗಿ ಏನು ಬಂತು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ‘ಕೈಬಿಡು’ ಇನ್ನೂ ಕೆಟ್ಟದು. ಗೆಳೆಯರೊಬ್ಬರು ‘ಮುಯ್ಯಿ’ ಸೂಚಿಸಿದರು. ಇಷ್ಟವಾಯಿತು. ಆದರೆ ಮುಯ್ಯಾಳು ಅಂದರೆ ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೊಟ್ಟ ಜಾತಿಯದೇ ವಾಪಸ್ ಬರಬೇಕು. ಇಲ್ಲಿ ಸರದಿ ಕೊಟ್ಟವರಿಗೆ ಸರದಿಯೇ ಬರಬೇಕೆಂದಿಲ್ಲ, ಆಟಗಾರ ಬರಬಹುದು.

‘ಅದಲುಬದಲು’ ನೋಡುವುದಕ್ಕೆ ಸರಿಯಾಗಿ ಕಾಣುತ್ತದೆ. ಆದರೆ ಅದನ್ನು ಇಲ್ಲಿ ಖರ್ಚು ಮಾಡಬಾರದು. ಅದಕ್ಕೆ ಬೇರೆ ಕೆಲಸ ಇದೆ. ಬಾಸ್ಟನ್‌ಗೆ ಆ ಮೊದಲ ಸರದಿ ಹೇಗೆ ಬಂತು ನೋಡಿ. 2013ರಲ್ಲಿ ಬಾಸ್ಟನ್ ತನ್ನ ಹಳೆಯ ಹುಲಿಗಳಾದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಇಬ್ಬರನ್ನೂ ಬ್ರೂಕ್ಲಿನ್ ನೆಟ್ಸ್‌ಗೆ ಕಳಿಸಿತು. ಗಾರ್ನೆಟ್‌ಗೆ ಆಗಲೇ 37 ವರ್ಷ. ಬದಲಿಗೆ ಬ್ರೂಕ್ಲಿನ್‌ನ 2014, 2016, 2018ರ ಮೊದಲ ಸುತ್ತಿನ ಸರದಿಗಳನ್ನು ತಗೊಂಡಿತು. 2017ಕ್ಕೆ ಮಾತ್ರ ಬೇರೆ ಕರಾರು: ಬಾಸ್ಟನ್ ಬಯಸಿದರೆ ಇಬ್ಬರ ಸರದಿಯನ್ನೂ ಅದಲುಬದಲು ಮಾಡಿಕೊಳ್ಳಬಹುದು. ಆ ವರ್ಷ ಬ್ರೂಕ್ಲಿನ್ 82 ಪಂದ್ಯಗಳಲ್ಲಿ 20 ಮಾತ್ರ ಗೆದ್ದು ಲೀಗ್‌ಗೇ ಕೊನೆಯಾಯಿತು. ಬಾಸ್ಟನ್ 53 ಗೆದ್ದು ಪೂರ್ವ ವಿಭಾಗದಲ್ಲಿ ಮೊದಲನೆಯದಾಯಿತು. ಸೋತವರ ಸರದಿ ಗೆದ್ದವರ ಕೈಗೆ ಬಂತು. ಇದು ನಿಜವಾದ ಅದಲುಬದಲು: ನಿನ್ನ ಜಾಗಕ್ಕೆ ನಾನು, ನನ್ನ ಜಾಗಕ್ಕೆ ನೀನು. ಎಲ್ಲ ವ್ಯವಹಾರಕ್ಕೂ ಈ ಪದವನ್ನೇ ಬಳಸಿಬಿಟ್ಟರೆ ಈ ಕರಾರನ್ನು ಹೇಳುವುದಕ್ಕೆ ನಮ್ಮ ಹತ್ತಿರ ಪದ ಉಳಿಯುವುದಿಲ್ಲ.

‘ಸಾಟಿ’ ಹೇಗೆ? ದುಡ್ಡು ಬರುವ ಮೊದಲಿದ್ದ ವ್ಯಾಪಾರಕ್ಕೆ ಸಾಟಿ ಪದ್ಧತಿ ಅಂತ ಶಾಲೆಯಲ್ಲಿ ಓದಿದ್ದೆವು. ರಾಗಿ ಕೊಟ್ಟು ಉಪ್ಪು ತರುವುದು. ‘ಅವನಿಗೆ ಸಾಟಿ ಇಲ್ಲ’ ಅನ್ನುವಾಗ ಸಮ ಎಂಬ ಅರ್ಥವೂ ಇದೆ. ಕೊಟ್ಟಿದ್ದಕ್ಕೂ ತಂದಿದ್ದಕ್ಕೂ ತೂಕ ಸರಿ ಇದೆಯೇ ಎಂಬ ಪ್ರಶ್ನೆ ಪದದೊಳಗೇ ಕೂತಿರುತ್ತದೆ. ‘ಬಾಸ್ಟನ್ ಮೊದಲ ಸರದಿಯನ್ನು ಸಾಟಿ ಮಾಡಿಕೊಂಡಿತು’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ನನಗೆ ಚೆನ್ನಾಗಿದೆ ಅನ್ನಿಸುತ್ತದೆ. ಇಪ್ಪತ್ತು ವರ್ಷದ ಹುಡುಗರಿಗೆ ಅರ್ಥವಾದೀತೇ ಅನ್ನುವುದೊಂದೇ ಚಿಂತೆ.

ಇಷ್ಟೆಲ್ಲ ಹುಡುಕಾಡಿದ ಮೇಲೆ ಒಂದು ಹಳೆಯ ಮಾತು ನೆನಪಾಯಿತು. 2009ರ ಐಪಿಎಲ್‌ಗೆ ಮುಂಚೆ ನಮ್ಮ ಆರ್‌ಸಿಬಿಯ ಜಹೀರ್ ಖಾನ್ ಮುಂಬೈಗೆ ಹೋದರು, ಮುಂಬೈಯಲ್ಲಿದ್ದ ಕೊಡಗಿನ ರಾಬಿನ್ ಉತ್ತಪ್ಪ ಇಲ್ಲಿಗೆ ಬಂದರು. ಆಗ ನಾವು ಟೀ ಅಂಗಡಿಯಲ್ಲಿ ನಿಂತು ಏನಂದುಕೊಂಡೆವು? ‘ಜಹೀರ್‌ನ ಕೊಟ್ಟು ಉತ್ತಪ್ಪನ್ನ ತಗೊಂಡ್ರು.’ ಯಾರಿಗೂ ಪದ ಹುಡುಕುವ ಕಷ್ಟ ಬರಲಿಲ್ಲ. ಅಮ್ಮನಿಗೂ ಬಂದಿರಲಿಲ್ಲ. ಕೊಟ್ಟು ತಗೊಳ್ಳುವುದು. ಕನ್ನಡದಲ್ಲಿ ಇದನ್ನು ಎರಡು ಕ್ರಿಯಾಪದ ಸೇರಿ ಹೇಳುತ್ತವೆ. ‘ಕೊಟ್ಟು’ ಅಂತ ನಿಲ್ಲಿಸಿದರೆ ಕೇಳುವವರು ‘ಕೊಟ್ಟು?’ ಅಂತ ಮುಖ ನೋಡುತ್ತಾರೆ.

ಇದು ಬರೀ ಪದದ ವಿಷಯ ಅಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತಿದೆ. ‘ಮೊದಲ ಸರದಿಯನ್ನು ಕೊಡಬೇಕೇ?’ ಎಂಬ ವಾದವೇ ಅರ್ಧ ವಾಕ್ಯ. ಪ್ರತಿ ಜೂನ್‌ನಲ್ಲಿ ಜನ ಆ ಅರ್ಧವನ್ನೇ ಹಿಡಿದು ಜಗಳವಾಡುತ್ತಾರೆ. ಕೊಟ್ಟು ಏನು ತರುತ್ತೀರಿ ಅಂತ ಕೇಳಿದ ಮೇಲೆ ತಾನೇ ಉತ್ತರ? 1997ರಲ್ಲಿ ಸ್ಯಾನ್ ಆಂಟೋನಿಯೊಗೆ ಟಿಮ್ ಡಂಕನ್, 2003ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಲೆಬ್ರಾನ್, ಹೀಗೆ ಮುಂದೆ ದಿಗ್ಗಜರಾದ ಹುಡುಗರು ಕಣ್ಣೆದುರೇ ಇದ್ದರು. ಅಂಥ ವರ್ಷ ಏನು ತಂದರೂ ತೂಕ ಸರಿಹೋಗುವುದಿಲ್ಲ. ಸರದಿಯನ್ನು ಎದೆಗವಚಿಕೊಂಡು ಕೂರಬೇಕು. 2017 ಹಾಗಿರಲಿಲ್ಲ. ಮೂರರಲ್ಲಿ ತಗೊಳ್ಳುವ ಹುಡುಗನನ್ನೇ ಒಂದರಲ್ಲೂ ತಗೊಳ್ಳುವ ಸಾಧ್ಯತೆ ಹೆಚ್ಚಿತ್ತು ಎಂದು ಬಾಸ್ಟನ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದ ಡ್ಯಾನಿ ಏಂಜ್ ಆಗಲೇ ಹೇಳಿದ್ದರು. ಹಾಗಿದ್ದ ಮೇಲೆ ಮೇಲೊಂದು ಕಂತು ಯಾಕೆ ಬಿಡಬೇಕು?

ಫಿಲಡೆಲ್ಫಿಯಾ ಒಂದರಲ್ಲಿ ಮಾರ್ಕೆಲ್ ಫುಲ್ಟ್ಸ್‌ನನ್ನು ಆರಿಸಿತು. ಭುಜದ ತೊಂದರೆಯಿಂದ ಆ ಹುಡುಗ ಅಲ್ಲಿ ಎರಡು ಋತುಗಳಲ್ಲಿ ಆಡಿದ್ದು 33 ಪಂದ್ಯ ಮಾತ್ರ. ಆಮೇಲೆ ಒರ್ಲಾಂಡೊಗೆ ಹೋದ. ಅದು ಯಾರ ತಪ್ಪೂ ಅಲ್ಲ, ಮೈಯ ವಿಷಯ. ಬಾಸ್ಟನ್ ಮೂರರಲ್ಲಿ ಆರಿಸಿದ್ದು ಜೇಸನ್ ಟೇಟಮ್‌ನನ್ನು. 2016ರಲ್ಲಿ ಬ್ರೂಕ್ಲಿನ್‌ನಿಂದ ಬಂದ ಸರದಿಯಲ್ಲೇ ಆರಿಸಿದ್ದ ಜೇಲನ್ ಬ್ರೌನ್ ಜೊತೆ ಸೇರಿ 2024ರಲ್ಲಿ ಟೇಟಮ್ ತಂಡಕ್ಕೆ 18ನೇ ಪ್ರಶಸ್ತಿ ಗೆದ್ದುಕೊಟ್ಟ. ಮೇಲೆ ಬಂದ ಕಂತು 2019ರಲ್ಲಿ 14ನೇ ಸರದಿಯಾಗಿ ಕೈಸೇರಿತು. ಅದು ಅಷ್ಟೇನೂ ಫಲ ಕೊಡಲಿಲ್ಲ.

ಆ ಕಂತಿನಿಂದಲೇ ಕೊನೆಯ ಪ್ರಶ್ನೆ ಹುಟ್ಟುತ್ತದೆ. ಅದಕ್ಕೊಂದು ಷರತ್ತು ಇತ್ತು. ಫಿಲಡೆಲ್ಫಿಯಾ ಕೈಯಲ್ಲಿದ್ದ ಲೇಕರ್ಸ್ ತಂಡದ 2018ರ ಸರದಿ ಎರಡರಿಂದ ಐದರೊಳಗೆ ಬಿದ್ದರೆ ಅದು ಬಾಸ್ಟನ್‌ಗೆ, ಇಲ್ಲದಿದ್ದರೆ 2019ರ ಬೇರೊಂದು ಸರದಿ. ಹೀಗೆ ‘ಇಂತಿಷ್ಟರೊಳಗೆ ಬಂದರೆ ನಮ್ಮಲ್ಲೇ ಇರಲಿ, ಆಮೇಲಿದ್ದರೆ ನಿಮಗೆ’ ಅನ್ನುವ ಕರಾರುಗಳು ಈ ಆಟದಲ್ಲಿ ತುಂಬಾ ಇವೆ. ‘ರಕ್ಷಿತ ಸರದಿ’ ಎಂದು ಬರೆಯುವುದಕ್ಕೆ ಮನಸ್ಸು ಬರುತ್ತಿಲ್ಲ. ರಕ್ಷಿತಾರಣ್ಯದ ನೆನಪಾಗುತ್ತದೆ. ‘ಷರತ್ತಿನ ಸರದಿ’ ಅಂದರೆ ಸಾಕೇ? ಜಮೀನು, ಭೋಗ್ಯ, ಆಧಾರದ ಪತ್ರ ಬರೆಯುವವರಲ್ಲಿ ಇದಕ್ಕೆ ಸಿದ್ಧ ಮಾತು ಇದ್ದರೂ ಇರಬಹುದು.

ತಲೆಬರಹವನ್ನು ಸದ್ಯಕ್ಕೆ ‘ಮೊದಲ ಸರದಿ ಕೊಟ್ಟು ಏನು ತರಬೇಕು?’ ಎಂದು ಬದಲಾಯಿಸಿದ್ದೇನೆ. ಒಳಗೆ ‘ಸಾಟಿ’ಯನ್ನು ಎರಡು ಕಡೆ ಬಳಸಿದ್ದೇನೆ, ತೆಗೆಯಬೇಕೋ ಇಡಬೇಕೋ ಹೇಳಿ. ನಿಮ್ಮ ಊರಿನ ಚೀಟಿಯಲ್ಲಿ ಇಬ್ಬರು ತಿಂಗಳು ಬದಲಾಯಿಸಿಕೊಂಡರೆ ಏನಂತಾರೆ ಅನ್ನುವುದನ್ನೂ ಬರೆಯಿರಿ. ಮನೆಯಲ್ಲಿ ಅಮ್ಮ, ಅಜ್ಜಿ ಇದ್ದರೆ ಅವರನ್ನೇ ಕೇಳಿ, ಅವರು ಹೇಳಿದ ಹಾಗೇ ಬರೆದು ಕಳಿಸಿ.