ಕಾಫಿ ತಿಂಡಿಯ ಲೆಕ್ಕಕ್ಕೆ ಬರುತ್ತದಾ?

ಭಾನುವಾರ ಬೆಳಿಗ್ಗೆ ಮುಂಬೈಯ ಮಾಟುಂಗದಲ್ಲಿ ಕಿಂಗ್ಸ್ ಸರ್ಕಲ್ ಹತ್ತಿರ ಒಂದು ಉಡುಪಿ ಹೋಟೆಲಿನ ಮುಂದೆ ಹೆಸರು ಬರೆಸಿ ನಿಂತಿದ್ದೆವು. ನಮ್ಮದು ಐದು ಜನರ ಗುಂಪು. ತಿಂಗಳಿಗೆ ತಲಾ 300 ರೂಪಾಯಿ ಹಾಕಿ ಒಂದು ತಿಂಡಿ ನಿಧಿ ಇಟ್ಟುಕೊಂಡಿದ್ದೇವೆ. ಖಜಾಂಚಿ ಭಟ್ ಮಾಮ. ಬ್ಯಾಂಕಿನಿಂದ ರಿಟೈರ್ ಆಗಿ ಹತ್ತು ವರ್ಷ ಆದರೂ ಚಿಲ್ಲರೆ ವಾಪಸ್ ಬಂದರೆ ಹತ್ತು ರೂಪಾಯಿ ನೋಟನ್ನೂ ಬೆಳಕಿಗೆ ಹಿಡಿದು ನೋಡುವ ಮನುಷ್ಯ. ಈ ವಾರ ಅವರು ಅಣ್ಣನ ಮಗಳ ಮದುವೆಗೆ ಕುಂದಾಪುರಕ್ಕೆ ಹೋಗಿದ್ದಾರೆ. ಹೋಗುವ ಮುಂಚೆ ವಾಟ್ಸಾಪಿನಲ್ಲಿ ಒಂದು ಆದೇಶ ಹೊರಡಿಸಿದ್ದರು.

"ನಾನು ಊರಿಗೆ ಹೋಗುತ್ತಿರುವ ಕಾರಣ, ಒಂದು ಸಲಕ್ಕೆ 400 ರೂಪಾಯಿವರೆಗೆ ಖರ್ಚು ಮಾಡುವ ಅಧಿಕಾರವನ್ನು ಶೆಟ್ಟರಿಗೆ ಕೊಟ್ಟಿದ್ದೇನೆ. ತಿಂಡಿಗೆ ಮಾತ್ರ. ಬಿಲ್ ಇಟ್ಟುಕೊಳ್ಳತಕ್ಕದ್ದು."

ಶೆಟ್ರು ಇದನ್ನು ಮೂರನೇ ಸಲ ಗಟ್ಟಿಯಾಗಿ ಓದಿದರು. ಹಿಂದೆ ನಿಂತಿದ್ದ ಗುಜರಾತಿ ಕುಟುಂಬ ಎರಡು ಹೆಜ್ಜೆ ಹಿಂದೆ ಸರಿಯಿತು.

"ನೋಡಿ ಮಾರಾಯ್ರೆ, ಈಗ ನಾನೇ ಕಮಿಷನರ್."

ಕುಲಕರ್ಣಿ ಸರ್ ನಕ್ಕರು. ಅವರು ಮಹಾನಗರಪಾಲಿಕೆಯ ಒಂದು ವಾರ್ಡ್ ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿ ಜೀವ ಸವೆಸಿದವರು. "ಕಮಿಷನರ್ ಭಟ್ ಮಾಮ ರೀ. ನೀವು ಕಲಂ 68."

ಮುಂಬೈ ಪಾಲಿಕೆ ಈಗಲೂ ನಡೆಯುವುದು 1888ರ ಕಾಯ್ದೆಯ ಮೇಲೆ. ಅದರ 68ನೇ ಕಲಮಿನ ಪ್ರಕಾರ ಕಮಿಷನರ್, ಅಂದರೆ ಪಾಲಿಕೆ ಆಡಳಿತದ ಮುಖ್ಯಸ್ಥ, ತನ್ನ ಅಧಿಕಾರವನ್ನು ಕೆಳಗಿನ ಅಧಿಕಾರಿಗೆ ಬರವಣಿಗೆಯಲ್ಲಿ ಕೊಡಬಹುದು. ಆದರೆ ಕೊಟ್ಟ ಮೇಲೂ ಹಿಡಿತ ಅವನದೇ, ಕೆಳಗಿನವನು ಮಾಡಿದ್ದನ್ನು ಬದಲಿಸುವ ಹಕ್ಕೂ ಅವನದೇ.

"ಅಂದರೆ ನಾನು ಆರ್ಡರ್ ಮಾಡಿದ ದೋಸೆಯನ್ನು ಭಟ್ ಮಾಮ ಕುಂದಾಪುರದಿಂದ ವಾಪಸ್ ಕಳಿಸಬಹುದಾ?"

"ಕಳಿಸಬಹುದು. ತಿಂದಿದ್ದರೆ ವಸೂಲಿ."

ಶೆಟ್ರ ಮುಖ ಇಳಿಯಿತು. "ಮತ್ತೆ ನನಗೆ ಕೊಟ್ಟದ್ದು ಏನು?"

"ಸಹಿ ಹಾಕುವ ಕೆಲಸ ಕೊಟ್ಟಿದ್ದಾರೆ. ಆಡಿಟ್‌ನವರು ಬಂದರೆ ಬೈಸಿಕೊಳ್ಳುವ ಕೆಲಸವೂ ಅದರ ಜೊತೆಗೆ ಫ್ರೀ."

ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು. ಇಡ್ಲಿ, ಮಸಾಲೆ ದೋಸೆ, ಉಪ್ಪಿಟ್ಟು, ರಸ ವಡೆ, ನಾಲ್ಕು ಜನರಿಗೆ ನಾಲ್ಕು ಥರ. ನಮ್ಮ ಗುಂಪಿನಲ್ಲಿ ಒಮ್ಮತ ಅಂತ ಯಾವತ್ತೂ ಇರಲಿಲ್ಲ.

ಟೀಚರ್ ಆವರೆಗೆ ಸುಮ್ನೆ ಇದ್ದರು. ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು, ಅಂಥದೊಂದು ಕನ್ನಡ ಶಾಲೆಯ ಮುಖ್ಯೋಪಾಧ್ಯಾಯಿನಿ ಅವರು. "ಶೆಟ್ರೇ, ನಿಮ್ಮದು ನಯ. ನನ್ನ ಕಥೆ ಕೇಳಿ" ಅಂದರು.

ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಗೆ ಒಂದು ಕಾಂಪೊಸಿಟ್ ಗ್ರಾಂಟ್ ಇದೆ, ಶಾಲೆಯ ವರ್ಷದ ಸಣ್ಣಪುಟ್ಟ ಖರ್ಚಿಗೆಲ್ಲ ಸೇರಿಸಿ ಕೊಡುವ ದುಡ್ಡು. 31ರಿಂದ 100 ಮಕ್ಕಳಿದ್ದರೆ ವರ್ಷಕ್ಕೆ 25,000 ರೂಪಾಯಿ, 101ರಿಂದ 250 ಆದರೆ 50,000. ಅದರಲ್ಲಿ ಶೇಕಡಾ 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು. ಮೊದಲೆಲ್ಲ ದುಡ್ಡು ಶಾಲೆಯ ಖಾತೆಗೇ ಬಂದು ಕೂರುತ್ತಿತ್ತು. 2021ರಲ್ಲಿ ಕೇಂದ್ರ ಸರ್ಕಾರ ಪದ್ಧತಿ ಬದಲಿಸಿತು. ಈಗ ಒಂದು ಯೋಜನೆಗೆ ಇಡೀ ರಾಜ್ಯಕ್ಕೆ ಒಂದೇ ಖಾತೆ. ಕೆಳಗಿನವರದ್ದೆಲ್ಲ ಝೀರೋ ಬ್ಯಾಲೆನ್ಸ್ ಖಾತೆ. ಶಾಲೆಗೆ ಬರುವುದು ದುಡ್ಡಲ್ಲ, ಇಷ್ಟರವರೆಗೆ ತೆಗೆಯಬಹುದು ಅನ್ನುವ ಮಿತಿ.

"ಪಾಸ್‌ಬುಕ್ ತೆಗೆದರೆ ಸೊನ್ನೆ. ಆದರೂ ನಾನು 25,000ದ ಒಡತಿ. ಖರ್ಚು ಮಾಡಲು ಶಾಲಾ ಸಮಿತಿಯ ಅಧ್ಯಕ್ಷರ ಸಹಿಯೂ ಬೇಕು. ಅವರು ಒಬ್ಬ ಹುಡುಗನ ಅಪ್ಪ, ರಿಕ್ಷಾ ಓಡಿಸುತ್ತಾರೆ. ಅವರನ್ನು ಹಿಡಿಯಲು ನಾನು ಬೇರೆ ರಿಕ್ಷಾ ಹಿಡಿಯಬೇಕು. ಮಿತಿ ಬರುವುದು ವರ್ಷದ ಕೊನೆಗೆ, ಮಾರ್ಚ್ 31ಕ್ಕೆ ಉಳಿದದ್ದು ಗೋವಿಂದ. ಹೋದ ಸಲ ಮೂರು ದಿನದಲ್ಲಿ ಎಷ್ಟು ಪೊರಕೆ ಕೊಂಡೆ ಅಂದರೆ, ಅಂಗಡಿಯವನು ನಾನೇ ಅಂಗಡಿ ಇಡುತ್ತೇನೆ ಅಂದುಕೊಂಡ."

"ನಮ್ಮ ಕಡೆ ಇದಕ್ಕೆ ಮೂಗಿಗೆ ತುಪ್ಪ ಸವರೋದು ಅನ್ನುತ್ತಾರೆ" ಅಂದೆ.

"ತುಪ್ಪ ಎಲ್ಲಿ ಬಂತು? ತುಪ್ಪದ ಮಿತಿ ಸವರಿದ್ದಾರೆ."

ಕುಲಕರ್ಣಿ ಸರ್ ಬಿಡಲಿಲ್ಲ. ಪಾಲಿಕೆಗೆ ಮೇಲಿನಿಂದ ಬರುವ ದುಡ್ಡೂ ಹೀಗೇ ಹಗ್ಗ ಕಟ್ಟಿಕೊಂಡೇ ಬರುತ್ತದಂತೆ. ಕೇಂದ್ರದ ದುಡ್ಡು ಯಾರಿಗೆ ಎಷ್ಟು ಅಂತ ಸೂಚಿಸುವ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಹತ್ತು ಲಕ್ಷಕ್ಕಿಂತ ಜಾಸ್ತಿ ಜನರಿರುವ ನಗರಗಳಿಗೆ ಇಟ್ಟ ಅನುದಾನದಲ್ಲಿ ಮೂರರಲ್ಲಿ ಒಂದು ಪಾಲು ಗಾಳಿ ಶುದ್ಧ ಮಾಡಲು, ಉಳಿದ ಎರಡು ಪಾಲು ನೀರು, ಕಸ, ನೈರ್ಮಲ್ಯಕ್ಕೆ.

"ಗಾಳಿಗೆ ದುಡ್ಡಾ?" ಶೆಟ್ರು ವಡೆ ಬಿಟ್ಟು ತಲೆ ಎತ್ತಿದರು.

"ಹೌದ್ರೀ. ಗಾಳಿಗೆ ತೂರಲಿಕ್ಕೇ ಕೊಟ್ಟದ್ದು, ಅಧಿಕೃತವಾಗಿ."

"ಬೇರೆ ಯಾವುದಕ್ಕಾದರೂ ಬಳಸಿದರೆ?"

"ಭಟ್ ಮಾಮ ಏನು ಬರೆದಿದ್ದಾರೆ? ತಿಂಡಿಗೆ ಮಾತ್ರ."

ಅಲ್ಲಿಗೆ ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಕಾಫಿ ತಿಂಡಿಯಾ?

ಶೆಟ್ರ ವಾದ, ಕಾಫಿ ಇಲ್ಲದೆ ತಿಂಡಿ ಪೂರ್ತಿ ಆಗುವುದಿಲ್ಲ, ಆದ್ದರಿಂದ ಅದೂ ತಿಂಡಿಯೇ. ಟೀಚರ್ ವಾದ, ಪೊರಕೆ ಸ್ವಚ್ಛತೆ, ಆದರೆ ಪೊರಕೆ ತಂದ ರಿಕ್ಷಾ ಬಾಡಿಗೆ ಸ್ವಚ್ಛತೆ ಅಲ್ಲ, ಅದನ್ನು ಅವರ ಕೈಯಿಂದಲೇ ಹಾಕಬೇಕಾಯಿತು, ಹಾಗಾಗಿ ಕಾಫಿಯೂ ಅಲ್ಲ. ಕುಲಕರ್ಣಿ ಸರ್ ಕಾಫಿ ಕುಡಿಯುತ್ತಲೇ "ಇದಕ್ಕೆ ಸ್ಪಷ್ಟೀಕರಣ ಕೇಳಬೇಕು" ಅಂದರು. ಸ್ಪಷ್ಟೀಕರಣ ಬರುವವರೆಗೆ ಕಾಫಿ ಆರುತ್ತದೆ ಅಂತ ನಾವೂ ಕುಡಿದೆವು.

ಬಿಲ್ ಬಂತು. 470 ರೂಪಾಯಿ.

"ನನ್ನ ಅಧಿಕಾರ 400ಕ್ಕೆ ಮುಗಿಯಿತು" ಅಂತ ಶೆಟ್ರು ಕೈ ಎತ್ತಿದರು. ಅರ್ಧ ಗಂಟೆ ಹಿಂದೆ ಇವರೇ ಕಮಿಷನರ್ ಆಗಿದ್ದರು! ಅಧಿಕಾರ ಬೇಕು ಅಂತ ಹಾರಾಡುವವರು ಬಿಲ್ ಕಂಡ ಕೂಡಲೇ ಮೇಲಿನವರ ಅನುಮತಿ ಇಲ್ಲ ಅನ್ನುತ್ತಾರಲ್ಲ, ನನಗೆ ಇದೊಂದು ಅರ್ಥ ಆಗುವುದಿಲ್ಲ.

ಕುಲಕರ್ಣಿ ಸರ್ ದಾರಿ ತೋರಿಸಿದರು. "ಒಡೆಯಿರಿ. ಎರಡು ಬಿಲ್ ಮಾಡಿಸಿ. ತಿಂಡಿ 310, ಕಾಫಿ 160. ಎರಡೂ ಮಿತಿಯೊಳಗೆ. ಒಂದೇ ಗಟಾರವನ್ನು ಮೂರು ತುಂಡು ಮಾಡಿ ರಿಪೇರಿ ಮಾಡಿದ ಫೈಲು ಎಷ್ಟು ನೋಡಿದ್ದೇನೆ ಗೊತ್ತಾ?"

"ಅದು ತಪ್ಪಲ್ವಾ ಸರ್?"

"ತಪ್ಪೇ. ಅದಕ್ಕೇ ಗೊತ್ತು."

ಇಷ್ಟು ಹಗ್ಗ ಯಾಕೆ ಅಂತ ಟೀಚರ್ ಕೇಳಿದರು. ಕುಲಕರ್ಣಿ ಸರ್ ಕ್ರಾಫರ್ಡ್ ಸಾಹೇಬನ ಕಥೆ ತೆಗೆದರು. ಆರ್ಥರ್ ಕ್ರಾಫರ್ಡ್, 1865ರಲ್ಲಿ ಮುಂಬೈಯ ಮೊದಲ ಮುನಿಸಿಪಲ್ ಕಮಿಷನರ್. ಹೆಚ್ಚುಕಮ್ಮಿ ಎಲ್ಲ ಅಧಿಕಾರ ಅವನ ಕೈಯಲ್ಲಿ. ಕೆಲಸಗಾರ, ಸುಳ್ಳಲ್ಲ, 1869ರಲ್ಲಿ ಕ್ರಾಫರ್ಡ್ ಮಾರ್ಕೆಟ್ ಎದ್ದಿತು. ಆದರೆ ಖರ್ಚಿನ ಕೈ ಎಷ್ಟು ಉದ್ದ ಆಯಿತೆಂದರೆ 1871ರಲ್ಲಿ ತೆರಿಗೆ ಕಟ್ಟುವವರು ತಿರುಗಿಬಿದ್ದರು, ಸಾಹೇಬ ಹೋದ, 1872ರಲ್ಲಿ ಜನ ಆರಿಸಿದ ಸದಸ್ಯರೂ ಕೂರುವ ಕಾರ್ಪೊರೇಷನ್ ಬಂತು. ಕಮಿಷನರ್ ಕೇಳಬೇಕು, ಸಭೆ ಕೊಡಬೇಕು, ಅದೇ ಕ್ರಮ.

"ಆದರೆ 2022ರ ಮಾರ್ಚ್‌ನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತಲ್ಲ. 2026ರ ಜನವರಿಯ ಚುನಾವಣೆವರೆಗೆ ಕಮಿಷನರೇ ಆಡಳಿತಗಾರ. ಪ್ರಸ್ತಾವ ಕಳಿಸುವವರೂ ಅವರೇ, ಮಂಜೂರು ಮಾಡುವವರೂ ಅವರೇ. ಬಜೆಟ್ ಮಂಡಿಸಿದ್ದೂ ಹಾಗೇ, 2025-26ರದ್ದು 74,000 ಕೋಟಿಗೂ ಜಾಸ್ತಿ."

"ತನಗೆ ತಾನೇ ಪತ್ರ ಬರೆಯುವುದಾ? ಭಟ್ ಮಾಮ ಕೂಡ ಹಾಗೇ ಮಾಡುತ್ತಾರೆ" ಅಂದರು ಶೆಟ್ರು. "ಖಜಾಂಚಿಯೂ ಅವರೇ, ಆಡಿಟರೂ ಅವರೇ."

ವೇಟರ್ ಬಿಲ್ಲಿನ ತಟ್ಟೆ ಹಿಡಿದು ಇನ್ನೂ ನಿಂತಿದ್ದ. ಎರಡು ಬಿಲ್ ಅಂದಾಗ ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ತಿಂಡಿ ಬಿಲ್ಲಿಗೆ ಶೆಟ್ರು ನಿಧಿಯಿಂದ 310 ಕೊಟ್ಟರು, ಹಿಂದೆ ಸಹಿಯನ್ನೂ ಹಾಕಿದರು. ಕಾಫಿ ಬಿಲ್ಲಿಗೆ ಯಾರೂ ಕೈ ಚಾಚಲಿಲ್ಲ. ಹೊರಗೆ ಕ್ಯೂ ಬೆಳೆಯುತ್ತಿತ್ತು, ಗುಜರಾತಿ ಕುಟುಂಬ ಗಾಜಿನಾಚೆಯಿಂದ ನಮ್ಮ ಟೇಬಲನ್ನೇ ನೋಡುತ್ತಿತ್ತು. ಕೊನೆಗೆ 160 ನನ್ನ ಜೇಬಿನಿಂದ ಹೋಯಿತು.

"ಕಾರ್ಯೋತ್ತರ ಮಂಜೂರಿ ತಗೊಳ್ಳಿ" ಅಂತ ಕುಲಕರ್ಣಿ ಸರ್ ಸಮಾಧಾನ ಮಾಡಿದರು. ಅಂದರೆ ಮೊದಲು ಖರ್ಚು ಮಾಡಿ ಆಮೇಲೆ ಒಪ್ಪಿಗೆ ಕೇಳುವುದು. ನಾನು ಅಲ್ಲೇ ನಿಂತು ಎರಡೂ ಬಿಲ್ಲಿನ ಫೋಟೋ ತೆಗೆದು, ಕಾಫಿಯನ್ನು ತಿಂಡಿ ಅಂತ ಪರಿಗಣಿಸಬೇಕು ಅಂತ ಕುಂದಾಪುರಕ್ಕೆ ಕಳಿಸಿದೆ.

ದಾದರ್ ಬರುವಷ್ಟರಲ್ಲಿ ಉತ್ತರ ಬಂತು. ಒಂದು ಹೆಬ್ಬೆರಳು.

"ಮಂಜೂರಾಯಿತು!" ಅಂದೆ.

ಕುಲಕರ್ಣಿ ಸರ್ ಕನ್ನಡಕ ಏರಿಸಿ ಫೋನ್ ನೋಡಿದರು. "ಇಲ್ಲ ರೀ. ಇದು 'ನೋಡಿದೆ' ಅಂತ. ಮೊತ್ತ ಬರೆದಿಲ್ಲ, ತಾರೀಕು ಇಲ್ಲ. ಮೇಲಾಗಿ ಎರಡು ಬಿಲ್ಲಿಗೂ ಒಂದೇ ಟೇಬಲ್ ನಂಬರ್ ಇದೆ. ಅವರು ವಾಪಸ್ ಬರಲಿ."

ಭಟ್ ಮಾಮ ಗುರುವಾರ ಬರುತ್ತಾರೆ. ಶೆಟ್ರು ಬುಧವಾರದಿಂದ ಪುಣೆಗೆ ಹೋಗುತ್ತಾರಂತೆ.